ನೀರಿನ ಅರಿವಿಗೆ ಎಷ್ಟು ಅಂಕ

ಆಟದ ನಾಯಕನಿಗೆ ಅಂಕಿಗಳು ಬೇಕೋ ಬೇಡವೋ ಎಂಬುದನ್ನು ನಾನು ಐದು ನಿಮಿಷದಲ್ಲಿ ತೀರ್ಮಾನ ಮಾಡಿಸಿದೆ. ಆ ಅಂಕಿಗಳನ್ನು ಕೂಡಿಸಿ, ಕಳೆದು, ಒಂದು ಹದಕ್ಕೆ ತರಲು ನನ್ನ ಜೊತೆಗಾರನಿಗೆ ಏಳು ತಿಂಗಳು ಹಿಡಿದಿತ್ತು.

ಎರಡು ಸಾವಿರದ ದಶಕದ ಮೊದಲ ವರ್ಷಗಳು. ಕುಮಟೆಯಲ್ಲಿ ಒಂದು ಪಾತ್ರೆ ಅಂಗಡಿಯ ಮಹಡಿಯ ಮೇಲೆ ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ನಾನು ಹೊನ್ನಾವರದಿಂದ ದಿನಾ ಬಸ್ಸಿನಲ್ಲಿ ಬಂದು ಅಲ್ಲಿ ಪಾಠ ಮಾಡುತ್ತಿದ್ದೆ. ಡಿಗ್ರಿ ಮುಗಿದು ವರ್ಷವಾಗಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಸೊಕ್ಕು ಇನ್ನೂ ಇಳಿದಿರಲಿಲ್ಲ. ಜೊತೆಗಾರ ಅಘನಾಶಿನಿಯ ಮೀನುಗಾರರ ಮನೆಯವ, ಪ್ರೋಗ್ರಾಮಿಂಗ್ ಪಾಠ ಅವನದು. ಮಾಲೀಕರು ಭಟ್ಕಳದವರು, ಅವರನ್ನು ಸಾರ್ ಎಂದೇ ಕರೆಯುತ್ತಿದ್ದೆವು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬ್ಯಾಚುಗಳಿರಲಿಲ್ಲ. ಆ ಹೊತ್ತಿನಲ್ಲಿ ಯಂತ್ರಗಳನ್ನು ನಮಗೆ ಬಿಟ್ಟುಕೊಟ್ಟಿದ್ದರು. ನಾವು ಕನ್ನಡದಲ್ಲಿ ಒಂದು ಆಟ ಮಾಡಲು ಕುಳಿತೆವು.

ಅದ್ಭುತ ಲೋಕದಲ್ಲಿ ಪಾತ್ರವೊಂದನ್ನು ವಹಿಸಿಕೊಂಡು ಆಡುವ ಬಗೆಯ ಆಟ. ನಮ್ಮ ಲೋಕವೆಂದರೆ ಯಾಣದ ಬಂಡೆಗಳಂಥ ಕಪ್ಪು ಗೋಪುರಗಳ ಒಂದು ಪಟ್ಟಣ, ಅದನ್ನು ಸುತ್ತಿದ, ಹೊಳೆ ಕಡಲು ಸೇರುವ ಏಳು ಅಳಿವೆಗಳು, ಒಂದೊಂದು ಅಳಿವೆಗೂ ಒಂದೊಂದು ಜಲಭೂತ. ನಾಯಕ ಒಬ್ಬ ದೋಣಿಯವ. ಏಳನ್ನೂ ದಾಟಿ ಪಟ್ಟಣ ಮುಟ್ಟಬೇಕು. ಇಂಥ ಆಟಗಳಲ್ಲಿ ನಾಯಕನ ಗುಣಗಳನ್ನು ಅಂಕಿಯಲ್ಲಿ ಇಡುವುದು ವಾಡಿಕೆ: ಬಲ ಇಷ್ಟು, ಚುರುಕು ಇಷ್ಟು, ಬುದ್ಧಿ ಇಷ್ಟು. ಆಡುತ್ತ ಆಡುತ್ತ ಅವು ಏರುತ್ತವೆ. ಕಾದಾಟ ಬಂದಾಗ ಕಂಪ್ಯೂಟರು ಆ ಅಂಕಿಗಳನ್ನು ನೋಡಿ, ಒಂದಿಷ್ಟು ಅದೃಷ್ಟ ಬೆರೆಸಿ, ಗೆಲುವು ಸೋಲು ಹೇಳುತ್ತದೆ.

ಜೊತೆಗಾರ ನಾಲ್ಕು ಗುಣಗಳನ್ನು ಇಟ್ಟಿದ್ದ. ಬಲ, ಚುರುಕು, ಧೈರ್ಯ, ನಾಲ್ಕನೆಯದು ನೀರರಿವು. ಒಂದೊಂದು ಅಳಿವೆ ದಾಟುವಷ್ಟರಲ್ಲಿ ನಾಯಕನ ವಯಸ್ಸು ಏಳೆಂಟು ವರ್ಷ ಹೆಚ್ಚುತ್ತದೆ. ಮೂರನೆಯ ಅಳಿವೆಯ ನಂತರ ಬಲ ಇಳಿಯತೊಡಗುತ್ತದೆ, ನೀರರಿವು ಮಾತ್ರ ಏರುತ್ತ ಹೋಗುತ್ತದೆ. ಅಳಿವೆಯನ್ನು ಅವನು ಚೌಕಗಳಾಗಿ ಕತ್ತರಿಸಿದ್ದ. ಒಂದೊಂದು ಚೌಕಕ್ಕೂ ಕಾಣದ ಒಂದು ಸೆಳೆತ. ನೀರರಿವು ಹತ್ತರ ಒಳಗಿದ್ದರೆ ಸೆಳೆತ ಮೈಮೇಲೆ ಬಂದ ಮೇಲೇ ಗೊತ್ತಾಗುವುದು. ಮೂವತ್ತು ದಾಟಿದರೆ ಮುಂದಿನ ಚೌಕದ ನೀಲಿ ಒಂದು ಎಳೆ ಗಾಢವಾಗುತ್ತದೆ. ಎಪ್ಪತ್ತು ದಾಟಿದರೆ ಮೂರು ಚೌಕ ಮುಂಚಿತವಾಗಿ ಬಣ್ಣ ತಿರುಗುತ್ತದೆ. ಆಡುವವನು ಅವಸರವಿಲ್ಲದೆ ದೋಣಿ ತಿರುಗಿಸಿಕೊಳ್ಳಬಹುದು. ಹದಿನಾರೇ ಬಣ್ಣಗಳಲ್ಲಿ ಕೆಲಸ ಸಾಗಬೇಕಿತ್ತು. ನೀಲಿಯ ಮೂರು ಎಳೆ ಹೊಂದಿಸಲು ನಾನು ಚುಕ್ಕೆ ಬಿಟ್ಟು ಚುಕ್ಕೆ ತುಂಬಿಸಿ ಎರಡು ವಾರ ಒದ್ದಾಡಿದ್ದೇನೆ. ಚಿತ್ರ, ಅಕ್ಷರ, ಮಾತು ನನ್ನ ಪಾಲಿನದು. ಲೆಕ್ಕಾಚಾರ ಪೂರಾ ಅವನದು.

"ಇದ್ನ ಯಾರು ಆಡ್ತ್ರು ಅಂತ ಮಾಡ್ತೆ?" ಎಂದು ಒಮ್ಮೆ ಕೇಳಿದ್ದೆ.

"ನಮ್ಮ ಅಪ್ಪ."

"ನಗಿಸ್ಬೇಡ ಮಾರಾಯ."

"ಹೌದೇ ಮಾರಾಯ್ತಿ. ಅಪ್ಪಂಗೆ ಆಡೂಕೆ ಬರ್ಬೇಕು. ಅವ ದಾಟ್ಬೇಕು. ಉಳಿದವ್ರು ಬೇಕಾರೆ ಆಡ್ಲಿ, ಇಲ್ದಿದ್ರೆ ಬಿಡ್ಲಿ."

ಅವನ ಅಪ್ಪನ ಸಂಗತಿ ನನಗೆ ಗೊತ್ತಿತ್ತು. ಅವರ ದೋಣಿಯಲ್ಲಿ ಬಲೆ ಎಳೆಯುವವರಿಗೆಲ್ಲ ಒಂದೊಂದು ಪಾಲು. ತೋಳು ಸೋತವನಿಗೆ ಅರ್ಧ. ನಿನಗೆ ಇವತ್ತಿನಿಂದ ಅರ್ಧ ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ದಡದಲ್ಲಿ ಮೀನು ಹಂಚುವಾಗ ಅವನ ಮುಂದಿನ ಗುಂಪು ಸಣ್ಣದಾಗಿರುತ್ತದೆ, ಅಷ್ಟೇ. ಆ ವರ್ಷ ಅವನ ಅಪ್ಪನ ಮುಂದಿನ ಗುಂಪು ಸಣ್ಣದಾಗಿತ್ತು. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ ಈ ವಾರ ಎಲ್ಲಿ ಸರಿದಿದೆ ಎಂದು ತಿಳಿಯಲು ಮಾತ್ರ ಈಗಲೂ ಅವರನ್ನೇ ಮುಂದೆ ಕೂರಿಸುತ್ತಿದ್ದರಂತೆ. ಅದಕ್ಕೆ ಪಾಲಿಲ್ಲ.

ಇಷ್ಟು ಗೊತ್ತಿದ್ದೂ ನಾನು ಮಾಡಿದ್ದನ್ನು ಮಾಡಿದೆ.

ಫೆಬ್ರುವರಿಯಲ್ಲಿ ಒಂದು ಮಧ್ಯಾಹ್ನ ಸಾರ್ ಬಂದು ಪರದೆ ನೋಡಿದರು. ಪಕ್ಕದಲ್ಲಿ ಅಂಕಿಗಳ ಪಟ್ಟಿ ಇತ್ತು. "ಅರೆ, ಇದು ಮಾರ್ಕ್ಸ್ ಕಾರ್ಡ್ ಆಯ್ತಲ್ಲ! ಮಕ್ಕಳು ಮಾರ್ಕ್ಸ್ ನೋಡಿ ನೋಡಿ ಬೇಜಾರಾಗಿ ಇಲ್ಲಿ ಬರ್ತಾರೆ, ನೀವು ಇಲ್ಲೂ ಮಾರ್ಕ್ಸ್ ಕೊಡ್ತೀರಾ? ಇಬ್ಬರೂ ವಿಚಾರ ಮಾಡಿ, ಬೇಕೋ ಬೇಡ್ವೋ ಹೇಳಿ" ಎಂದರು.

ನಮ್ಮಲ್ಲಿ ಒಂದು ಪದ್ಧತಿ ಇತ್ತು, ತಂದವಳು ನಾನೇ. ಭಿನ್ನಾಭಿಪ್ರಾಯ ಬಂದರೆ ಗೊಣಗಾಡಕೂಡದು. ಒಬ್ಬರು ಪರ, ಒಬ್ಬರು ವಿರೋಧ. ತಲಾ ಐದು ನಿಮಿಷ. ನಾಲ್ಕು ಗಂಟೆಯ ಬ್ಯಾಚಿನವರು ಕೈ ಎತ್ತಿ ತೀರ್ಪು ಕೊಡುವುದು. ಸೋತವರು ತೀರ್ಪನ್ನು ತಮ್ಮ ಕೈಯಿಂದಲೇ ಜಾರಿ ಮಾಡಬೇಕು, ಪ್ರತಿಗಳನ್ನೂ ಅಳಿಸಬೇಕು. ಅಸಮಾಧಾನ ಒಳಗೆ ಉಳಿಯದಿರಲು ಅದೇ ದಾರಿ ಎಂದು ನಾನು ವಾದಿಸಿದ್ದೆ. ಅದಕ್ಕೂ ಮೊದಲೊಮ್ಮೆ ಜಲಭೂತಗಳ ಚಿತ್ರದ ವಿಷಯದಲ್ಲಿ ಸೋತು, ನಾನು ಬರೆದ ಹದಿನೆಂಟು ಚಿತ್ರಗಳನ್ನು ನಾನೇ ಅಳಿಸಿದ್ದೆ. ಹಾಗಾಗಿ ಪದ್ಧತಿಗೆ ಒಂದು ಗೌರವವಿತ್ತು.

ಅಂಕಿಗಳ ಪರ ಜೊತೆಗಾರ ನಿಂತ. ಎದುರು ಬದಿ ಖಾಲಿ ಇತ್ತು. ನನಗೆ ಅಂಕಿಗಳ ಬಗ್ಗೆ ಯಾವ ವಿರೋಧವೂ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಆ ಪಟ್ಟಿ ಇಷ್ಟವಿತ್ತು. ಆದರೆ ಖಾಲಿ ಬದಿಯನ್ನು ಖಾಲಿ ಬಿಡಲು ನನಗೆ ಬರುತ್ತಿರಲಿಲ್ಲ. ಹೋಗಿ ಅಲ್ಲಿ ಕೂತೆ. ಇದು ಬರೀ ಬದಿ, ನನ್ನ ಅಭಿಪ್ರಾಯವಲ್ಲ ಎಂದು ಹೇಳಲಿಲ್ಲ. ಚರ್ಚಾಸ್ಪರ್ಧೆಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ.

ಅವನು ಮೊದಲು ಮಾತಾಡಿದ. ಹನ್ನೆರಡು ಜನರ ಮುಂದೆ ನಿಂತು ಗೊತ್ತಿಲ್ಲದವ. "ಅಂಕಿ ಹಾಕೂದು ನಾವಲ್ಲ. ಮೊದ್ಲೇ ಹಾಕಿರ್ತ್ರು. ಕಾಣೂದಿಲ್ಲ, ಅಷ್ಟೇ. ಒಂದು ಅಂಕಿ ಇಳೀತದೆ, ಅದ್ನ ಊರೆಲ್ಲ ನೋಡ್ತದೆ. ಇನ್ನೊಂದು ಏರ್ತದೆ, ಅದ್ನ ಯಾರೂ ಬರ್ದಿಡೂದಿಲ್ಲ. ನಾ ಅದ್ನ ಪಕ್ಕದಲ್ಲಿ ಬರ್ದಿದ್ದೆ…" ಅಲ್ಲಿಗೆ ನಿಂತ. ಎರಡು ನಿಮಿಷವೂ ಆಗಿರಲಿಲ್ಲ. "ಆತು, ಅಷ್ಟೇ" ಎಂದು ಕೂತ.

ನಾನು ಎದ್ದೆ. ದನದ ಸಂತೆಯಲ್ಲಿ ಹಲ್ಲು ಎಣಿಸಿ ಬೆಲೆ ಕಟ್ಟುತ್ತಾರೆ, ಮನುಷ್ಯನ ಕಥೆಯಲ್ಲೂ ಹಾಗೆ ಮಾಡಬೇಕೇ ಎಂದು ಶುರು ಮಾಡಿದೆ. ನಾಯಕ ಧೈರ್ಯವಂತ ಎಂದು ಪಟ್ಟಿಯಲ್ಲಿ ಬರೆದರೆ ಆಡುವವನು ಯಾಕೆ ಧೈರ್ಯ ಮಾಡಬೇಕು? ಪಟ್ಟಿಯೇ ಗೆಲ್ಲುವುದಾದರೆ ಆಟಗಾರನಿಗೆ ಕೆಲಸವೇನು? ಅವನು ಏನು ಮಾಡುತ್ತಾನೋ ಅದೇ ಅವನ ಗುಣವಾಗಲಿ. ಕೊನೆಗೆ ಒಂದು ಮಿನಿಟು ಉಳಿದಾಗ, ಇಳಿಯುವ ಅಂಕಿಯನ್ನು ಕೈಗೆತ್ತಿಕೊಂಡೆ. "ಐದನೆಯ ಅಳಿವೆಯಲ್ಲಿ ನಮ್ಮ ನಾಯಕನ ಬಲ ಮೂವತ್ತು, ಏಳನೆಯದರಲ್ಲಿ ಹದಿನೈದು. ಕುಸಿದು ಹೋಗುತ್ತಿರುವವನನ್ನು ಕೂತು ನೋಡಲು ಯಾರು ಬರುತ್ತಾರೆ ಸ್ವಾಮಿ? ಅದಕ್ಕೆ ಕಂಪ್ಯೂಟರು ಬೇಕೆ?"

ಎಲ್ಲರೂ ನಕ್ಕರು. ಚಪ್ಪಾಳೆ ಬಿತ್ತು. ಹನ್ನೆರಡರಲ್ಲಿ ಹತ್ತು ಕೈ ನನ್ನ ಕಡೆ. ಜೊತೆಗಾರನೂ ನಕ್ಕ. "ಸರಿಯಾಗಿ ಹೇಳ್ದೆ" ಎಂದ.

ಮರುದಿನ ಬಂದು ಅವನು ಪದ್ಧತಿಯಂತೆ ಪಟ್ಟಿಯನ್ನು ಕೀಳತೊಡಗಿದ. ನಾಲ್ಕು ಗುಣಗಳು ಒಟ್ಟು ನೂರಕ್ಕೂ ಹೆಚ್ಚು ಕಡೆ ಬಂದಿದ್ದವು. ಒಂದನ್ನು ತೆಗೆದರೆ ಇನ್ನೊಂದು ಕಡೆ ಆಟ ನಿಲ್ಲುತ್ತಿತ್ತು. ಜಲಭೂತದ ಏಟಿಗೆ ಲೆಕ್ಕವಿಲ್ಲದೆ ನಾಯಕ ಸಾಯುತ್ತಲೇ ಇರಲಿಲ್ಲ. ಅದನ್ನು ಸರಿಮಾಡಿದರೆ ಉಳಿಸಿಟ್ಟ ಆಟ ತೆರೆಯುತ್ತಿರಲಿಲ್ಲ. ಮೂರು ವಾರ ಹೋಯಿತು. ಸೆಳೆತಕ್ಕೆ ಹೊಸ ವ್ಯವಸ್ಥೆ ಬೇಕಾಯಿತು: ಬಾಣದ ಗುರುತು ಅರ್ಧ ಸೆಕೆಂಡು ಮಿಂಚುತ್ತದೆ, ಅಷ್ಟರಲ್ಲಿ ಎದುರು ದಿಕ್ಕಿನ ಕೀಲಿ ಒತ್ತಬೇಕು. ಒತ್ತದಿದ್ದರೆ ದೋಣಿ ಮುಳುಗುತ್ತದೆ. ನನ್ನ ಮೂರು ನೀಲಿಗಳು ಒಂದೇ ನೀಲಿಯಾದವು. ಕೊನೆಯ ದಿನ ಅವನು ಹಳೆಯ ಫ್ಲಾಪಿಗಳನ್ನು ನನ್ನ ಮುಂದೆ ಇಟ್ಟು, ಒಂದೊಂದಾಗಿ ಹಾಕಿ, ಫಾರ್ಮ್ಯಾಟ್ ಮಾಡಿದ. ಲೆಕ್ಕ ಬರೆದಿಟ್ಟಿದ್ದ ನೋಟ್‌ಬುಕ್ಕನ್ನು ಕೇಳಿದೆ. ಹರಿದು ಒಲೆಗೆ ಹಾಕಿದೆ ಎಂದ. ನೋಟ್‌ಬುಕ್ಕು ಸುಡಬೇಕೆಂದು ಪದ್ಧತಿಯಲ್ಲಿ ಇರಲಿಲ್ಲ.

ಏಪ್ರಿಲ್‌ನಲ್ಲಿ ಸಾರ್ ನಮ್ಮನ್ನು ಭಟ್ಕಳಕ್ಕೆ ಕರೆದುಕೊಂಡು ಹೋದರು. ಅವರ ಸಂಬಂಧಿಕರ ಸೈಬರ್ ಕೆಫೆಯಲ್ಲಿ ಆರು ಯಂತ್ರಗಳಿಗೆ ಆಟ ಹಾಕಿದೆವು. ಹೈಸ್ಕೂಲಿನ ಹುಡುಗರು ತಮ್ಮ ನವಾಯತಿ ಮಾತಿನಲ್ಲಿ ಕೂಗಾಡುತ್ತ, ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ಆಡಿದರು. ಒಬ್ಬ ನಲವತ್ತು ನಿಮಿಷದಲ್ಲಿ ಏಳೂ ದಾಟಿದ. ನಾನು ಜೊತೆಗಾರನಿಗೆ, "ನೋಡಿದ್ಯಾ? ಅಂಕಿ ಇದ್ದಿದ್ರೆ ಇವ್ರು ಓದ್ತಾ ಕೂರ್ಬೇಕಾಗ್ತಿತ್ತು" ಎಂದೆ. ಅವನು ಹುಡುಗರ ಬೆರಳುಗಳನ್ನೇ ನೋಡುತ್ತಿದ್ದ. "ಕೈ ಚುರುಕದೆ" ಎಂದ. ತಿರುಗಿ ಬರುವಾಗ ಸಾರ್ ಬಸ್ಸಿನಲ್ಲೇ ನಿರ್ಧಾರ ಹೇಳಿದರು: ಸಿ.ಡಿ. ಮಾಡಿ ಕುಮಟೆ, ಹೊನ್ನಾವರ, ಭಟ್ಕಳ ಮೂರೂ ಊರಿನಲ್ಲಿ ಹಂಚೋಣ.

ಜೂನ್‌ನಲ್ಲಿ ಮಳೆಗಾಲಕ್ಕೆಂದು ಮೀನುಗಾರಿಕೆ ನಿಂತಿತು. ದೋಣಿಗಳು ದಡ ಹತ್ತಿದ್ದವು. ಒಂದು ಮಧ್ಯಾಹ್ನ ಜೊತೆಗಾರ ಅಪ್ಪನನ್ನು ಕರೆದುಕೊಂಡು ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಕಂಪ್ಯೂಟರಿನ ಮುಂದಿನ ಗಾಲಿಯಿದ್ದ ಕುರ್ಚಿಯಲ್ಲಿ ಕೂರಹೋದರೆ ಅದು ಹಿಂದೆ ಸರಿಯಿತು. "ಇದು ಎಂತದಾ, ಕೂರೂಕೆ ಮುಂಚೆನೇ ತೇಲ್ತದೆ!" ಎಂದು ನಕ್ಕರು. ನಾಲ್ಕು ಗಂಟೆಯ ಬ್ಯಾಚಿನವರು ಅಷ್ಟರಲ್ಲಿ ಬಂದು ಹಿಂದೆ ನಿಂತಿದ್ದರು.

ಅವರ ಬೆರಳು ಒಂದು ಕೀಲಿಯ ಮೇಲೆ ಬಿದ್ದರೆ ಪಕ್ಕದ ಕೀಲಿಯೂ ಒತ್ತಿಹೋಗುತ್ತಿತ್ತು. ಮೊದಲ ಅಳಿವೆ. ಬಾಣ ಮಿಂಚಿತು, ದೋಣಿ ಮುಳುಗಿತು.

"ಅರೆ! ಹೇಳ್ದೆ ಕೇಳ್ದೆ ಬಂತಲ. ಇದೆಂಥಾ ನೀರು?"

"ಇನ್ನೊಂದ್ಸಲ ಮಾಡು ಅಪ್ಪ."

ಎರಡನೆಯ ಸಲವೂ ಮುಳುಗಿತು. ಅವರು ಪರದೆಗೆ ಮುಖ ಹತ್ತಿರ ತಂದು ನೀಲಿಯನ್ನು ನೋಡಿದರು. "ತಮಾ, ಸೆಳವು ಬರೂಕೆ ಮುಂಚೆ ನೀರಿನ ಬಣ್ಣ ತಿರುಗ್ತದೆ. ದೂರದಿಂದೇ ಗೊತ್ತಾಗ್ತದೆ. ಇಲ್ಲಿ ಎಲ್ಲಾ ಒಂದೇ ನಮೂನಿ ಅದೆ. ಹ್ಯಾಂಗೆ ನೋಡೂದು?"

ಜೊತೆಗಾರ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಮೂರನೆಯ ಸಲ ಅವರು ಹಲ್ಲು ಕಚ್ಚಿ ಎರಡು ಚೌಕ ದಾಟಿದರು. ಮೂರನೆಯ ಚೌಕದಲ್ಲಿ ಮುಳುಗಿದರು. ಹಿಂದೆ ನಿಂತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವರು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಆತು. ಇಲ್ಲೂ ಎಳೆಯೂಕೆ ಆಗೂದಿಲ್ಲ ನನ್ನ ಕೈಲಿ" ಎಂದರು. ಮಗ ತಲೆ ತಗ್ಗಿಸಿಕೊಂಡು ಯಂತ್ರ ಆರಿಸಿದ. ಚಹಾ ತರಿಸುತ್ತೇನೆಂದು ಸಾರ್ ಎಷ್ಟು ಹೇಳಿದರೂ ನಿಲ್ಲದೆ, ಬಸ್ಸಿಗೆ ಹೊತ್ತಾಯಿತು ಎಂದು ಇಳಿದು ಹೋದರು. ಅಘನಾಶಿನಿಗೆ ಐದೂವರೆಗೆ ಇನ್ನೊಂದು ಬಸ್ಸಿತ್ತು.

ಅಂಕಿಗಳು ಯಾತಕ್ಕೆ ಬೇಕು ಎಂಬುದಕ್ಕೆ ಅಂದು ನನಗೆ ಉತ್ತರ ಸಿಕ್ಕಿತು. ಸ್ಪರ್ಧೆಯಲ್ಲಿ ನನ್ನ ಎದುರಾಳಿ ಹೇಳಬೇಕಾಗಿದ್ದ ಉತ್ತರ. ಅಂಕಿ ತೆಗೆದರೆ ಆಟಗಾರ ಸ್ವತಂತ್ರನಾಗುತ್ತಾನೆ ಎಂದಿದ್ದೆ. ಸ್ವತಂತ್ರವಾದದ್ದು ಆಟಗಾರನಲ್ಲ, ಅವನ ಬೆರಳು. ಬೆರಳು ಚುರುಕಿಲ್ಲದವನಿಗೆ ಅಲ್ಲಿ ಏನೂ ಉಳಿಯುವುದಿಲ್ಲ. ಪಟ್ಟಿ ಇದ್ದಿದ್ದರೆ, ಕೀಲಿ ತಪ್ಪಿ ಒತ್ತುವ ಕೈಯೂ ಮೊದಲ ಅಳಿವೆಗಳನ್ನು ನಾಯಕನ ಬಲದಿಂದ, ಕೊನೆಯವನ್ನು ನೀರರಿವಿನಿಂದ ದಾಟುತ್ತಿತ್ತು. ದನದ ಸಂತೆಯ ಲೆಕ್ಕ ಎಂದು ನಾನು ಹಂಗಿಸಿದ್ದು, ಅವರಿಗೆ ಅಲ್ಲಿ ಇದ್ದ ಒಂದೇ ಒಂದು ಊರುಗೋಲು. ಅಂಕಿಗಳು ಎಲ್ಲ ಆಟಕ್ಕೂ ಬೇಕು ಎಂದು ನಾನು ಈಗಲೂ ಹೇಳುವುದಿಲ್ಲ. ಬರೀ ಏರುತ್ತಲೇ ಹೋಗುವ ಅಂಕಿಗಳ ಬಗ್ಗೆ ನನಗೆ ಈಗಲೂ ಅನುಮಾನ. ಆದರೆ ಆ ಆಟಕ್ಕೆ ಬೇಕಿತ್ತು, ಅದು ನನಗೆ ಮೊದಲೇ ಗೊತ್ತಿತ್ತು.

ಮರುದಿನ ಜೊತೆಗಾರನಿಗೆ ಎಲ್ಲ ಹೇಳಿದೆ. ಪಟ್ಟಿ ತಿರುಗಿ ಹಾಕೋಣ ಎಂದೆ.

"ಬೇಡ. ನೀ ಹೇಳಿದ್ದು ಸರಿಯಾಗೇ ಇತ್ತು. ಕುಸಿಯೂದ್ನ ಯಾರು ನೋಡ್ತ್ರು? ನಾನೂ ವಿಚಾರ ಮಾಡ್ದೆ. ಅದ್ಕೇ ಅಳಿಸ್ದೆ."

"ನಂಗೆ ಹಾಗೆ ಅನ್ನಿಸಿರ್ಲಿಲ್ಲ ಮಾರಾಯ. ಆ ಬದಿಗೆ ಯಾರೂ ಇರ್ಲಿಲ್ಲ. ಅದ್ಕೇ ಮಾತಾಡ್ದೆ."

ಅವನು ನನ್ನ ಕಡೆ ತಿರುಗಿದ. "ಅಂದ್ರೆ, ನೀ ನಂಬಿರ್ಲಿಲ್ಲ?"

"ಇಲ್ಲ."

"ನಾ ನಂಬಿದ್ನಲ್ಲೇ, ಮಾರಾಯ್ತಿ" ಎಂದ. ಸಿಟ್ಟಿನಿಂದ ಹೇಳಲಿಲ್ಲ.

ಆಗಸ್ಟ್‌ನಲ್ಲಿ ದೋಣಿಗಳು ಇಳಿದಾಗ ಅವನು ಕೇಂದ್ರ ಬಿಟ್ಟ. ದೋಣಿಗೆ ಹೋಗುತ್ತಾನೆ, ಪೂರ್ತಿ ಪಾಲು ಎಂದು ಸಾರ್ ಹೇಳಿದರು. ಅಪ್ಪನ ಜಾಗಕ್ಕೇ ಹೋದನೋ, ಅಪ್ಪನ ಜೊತೆಗೆ ಹೋದನೋ ಎಂದು ನಾನು ಕೇಳಲಿಲ್ಲ. ಸಿ.ಡಿ.ಗಳು ಹಂಚಿಹೋದವು. ಹೊನ್ನಾವರದಲ್ಲೂ ಹುಡುಗರು ಆಡುವುದನ್ನು ಕಂಡೆ. ಚೆನ್ನಾಗಿದೆ ಎಂದರು. ಒಂದೆರಡು ತಿಂಗಳು ಆಡಿ ಬಿಟ್ಟರು.

ನಾನು ಬಿಡಲಿಲ್ಲ. ಮಧ್ಯಾಹ್ನದ ಮೂರು ಗಂಟೆಗಳಲ್ಲಿ ಒಬ್ಬಳೇ ಕೂತು ಪಟ್ಟಿಯನ್ನು ತಿರುಗಿ ಕಟ್ಟತೊಡಗಿದೆ. ಚೌಕ, ಸೆಳೆತ, ಮೂರು ನೀಲಿ, ಇವೆಲ್ಲ ತಪ್ಪುತ್ತ ತಿದ್ದುತ್ತ ಅಕ್ಟೋಬರ್ ಹೊತ್ತಿಗೆ ನಿಂತವು. ಅಂಕಿಗಳು ಮಾತ್ರ ಬರಲಿಲ್ಲ. ಬಲ ಯಾವ ವಯಸ್ಸಿಗೆ ಎಷ್ಟು ಇಳಿಯಬೇಕು, ನೀರರಿವು ಯಾವಾಗ ಎಷ್ಟು ಏರಬೇಕು? ನಾನು ಹಾಕಿದ ಅಂಕಿಗಳಿಂದ ನಾಯಕ ಒಂದೋ ಎಲ್ಲೂ ಮುಳುಗುತ್ತಿರಲಿಲ್ಲ, ಇಲ್ಲವೇ ಎಲ್ಲೆಂದರಲ್ಲಿ ಮುಳುಗುತ್ತಿದ್ದ. ಜೊತೆಗಾರ ಆ ಅಂಕಿಗಳನ್ನು ಊಹಿಸಿ ಬರೆದಿರಲಿಲ್ಲ. ಒಬ್ಬ ಮನುಷ್ಯನನ್ನು ಇಪ್ಪತ್ತು ವರ್ಷ ನೋಡಿ ಬರೆದಿದ್ದ. ಹಾಗಾದರೆ ಆ ಮನುಷ್ಯನನ್ನೇ ಕೇಳುವುದು ಎಂದು ನಿರ್ಧರಿಸಿದೆ.

ಏಳು ಅಳಿವೆಗೆ ಏಳು ಸಾಲು, ನಾಲ್ಕು ಗುಣಕ್ಕೆ ನಾಲ್ಕು ಕಾಲಂ ಗೀಚಿದ ಹಾಳೆ ಹಿಡಿದು ಅಘನಾಶಿನಿಗೆ ಹೋದೆ. ಮಗ ದೋಣಿಯಲ್ಲಿದ್ದ. ಅವನ ಅಮ್ಮ ಅಳಿವೆಗೆ ಬಳಚಿನ ಚಿಪ್ಪು ಆರಿಸಲು ಹೋಗಿದ್ದರು. ಅಪ್ಪ ಜಗಲಿಯಲ್ಲಿ ಬಲೆ ಹಾಸಿಕೊಂಡು ಕೂತಿದ್ದರು.

"ಬಾ ತಂಗಿ, ಕೂತ್ಕೊ. ಅವ ಸಂಜೆ ಬತ್ತ."

"ನಿಮ್ಮನ್ನೇ ನೋಡೂಕೆ ಬಂದದ್ದು ಅಪ್ಪ" ಎಂದೆ. ಹಾಳೆಯನ್ನು ವಿವರಿಸಿದೆ. ನೂರಕ್ಕೆ ಇಷ್ಟು ಎಂದು ಹೇಳಬೇಕು; ಇಪ್ಪತ್ತರ ವಯಸ್ಸಿಗೆ ಬಲ ಎಷ್ಟಿತ್ತು, ಮೂವತ್ತಕ್ಕೆ ಎಷ್ಟು, ಹೀಗೆ. ಅವರಿಗೆ ತಮಾಷೆ ಅನಿಸಿತು, ಖುಷಿಯೂ ಆಯಿತು. ಬಲದ ಕಾಲಂ ಬೇಗ ತುಂಬಿತು. ಇಪ್ಪತ್ತಕ್ಕೆ ನೂರು ಎಂದರು, ಸಂಕೋಚವಿಲ್ಲದೆ. "ಮೂವತ್ತಕ್ಕೆ ತೊಂಬತ್ತು ಹಾಕು. ಆವಾಗ ಒಂದ್ಸಲ ಹೆಗಲು ಜಾರಿತ್ತು." ಈಗ ಎಷ್ಟು ಎಂದಾಗ ತೋಳು ಮಡಚಿ ನೋಡಿಕೊಂಡು, "ಇಪ್ಪತ್ತೈದು. ಇಪ್ಪತ್ತೇ ಹಾಕು, ಸುಳ್ಳು ಎಂತಕ್ಕೆ?" ಎಂದರು. ಧೈರ್ಯ, ಚುರುಕು ಆದವು.

"ನೀರರಿವು?"

ಅವರ ಕೈ ಬಲೆಯ ಮೇಲೆ ನಿಂತಿತು. "ಅದ್ಕೆ ಸೊನ್ನೆ ಹಾಕು."

"ಎಂತಕ್ಕೆ?"

"ಇದ್ದಿದ್ರೆ ಮೂರು ಸಲ ಮುಳುಗ್ತಿದ್ನಾ? ಒಂದ್ನೇ ಅಳಿವೆಲೇ?"

ನಕ್ಕುಕೊಂಡೇ ಹೇಳಿದರು. ನಾನು ವಾದಿಸಿದೆ. ಆ ನೀರು ನೀರೇ ಅಲ್ಲ ಎಂದೆ. ಬಣ್ಣ ತಿರುಗುವುದಿಲ್ಲ ಎಂದು ಮೊದಲು ಕಂಡವರು ನೀವೇ, ಅದು ಇತ್ತು, ನಿಮ್ಮ ಮಗ ನಿಮ್ಮನ್ನು ನೋಡಿಯೇ ಬರೆದಿದ್ದ, ನಾನು ತೆಗೆಸಿದೆ ಎಂದೆ. ದಿಬ್ಬ ಸರಿದದ್ದು ತಿಳಿಯಲು ದೋಣಿಯವರು ಯಾರನ್ನು ಮುಂದೆ ಕೂರಿಸುತ್ತಿದ್ದರು ಹೇಳಿ ಎಂದೆ. ಒಂದಾದ ಮೇಲೊಂದು, ಬಿಟ್ಟುಹೋಗದಂತೆ, ಎಲ್ಲವನ್ನೂ ಅವರ ಮುಂದಿಟ್ಟೆ. ಅಷ್ಟು ಚೆನ್ನಾಗಿ ನಾನು ಯಾವ ವೇದಿಕೆಯಲ್ಲೂ ಮಾತಾಡಿರಲಿಲ್ಲ.

ಅವರು ಪೂರ್ತಿ ಕೇಳಿದರು. ಬಲೆಯ ಹರಿದ ಕಣ್ಣಿಗೆ ದಾರ ಪೋಣಿಸಿ, ಗಂಟು ಬಿಗಿದು, ಹಲ್ಲಿನಿಂದ ದಾರ ಕಡಿದರು.

"ಚೊಲೋ ಮಾತಾಡ್ತೆ ತಂಗಿ" ಎಂದರು. "ಮಗ ಹೇಳಿದ್ದ. ಯಾವ ಬದಿ ಕೊಟ್ರೂ ನೀ ಚೊಲೋ ಮಾತಾಡ್ತೆ ಅಂತ."

ಅವರ ಮಾತಿನಲ್ಲಿ ಕೊಂಕಿರಲಿಲ್ಲ, ಮೆಚ್ಚುಗೆಯಿತ್ತು. ಆ ದಿನ ನಾನು ನಂಬಿ ಮಾತಾಡಿದ್ದೆ. ಅದನ್ನು ತೋರಿಸಿಕೊಡಲು ನನ್ನ ಬಳಿ ಮಾತು ಬಿಟ್ಟು ಬೇರೇನೂ ಇರಲಿಲ್ಲ.